ಮನೆ ಮುಳುಗಿಸುವುದು ಆಪರೇಷನ್ ಒಂದೇ ಅಲ್ಲ

ಆಸ್ಪತ್ರೆ ಖರ್ಚಿಗೆ ಮನೆ ಹಾಳಾಯಿತು ಎಂಬ ಮಾತು ಕಿವಿಗೆ ಬಿದ್ದಾಗ ಕಣ್ಣ ಮುಂದೆ ಬರುವುದು ದೊಡ್ಡ ಕಾಯಿಲೆಗಳು: ಹೃದಯದ ಆಪರೇಷನ್, ಕ್ಯಾನ್ಸರ್, ಅಪಘಾತವಾಗಿ ಐಸಿಯುನಲ್ಲಿ ಕಳೆದ ವಾರಗಳು. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಇಷ್ಟೇ ನಿಜವೂ ಅಲ್ಲ. 2011-12ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಅಂಕಿಗಳನ್ನು ಇಟ್ಟುಕೊಂಡು ಪಬ್ಲಿಕ್ ಹೆಲ್ತ್ ಫೌಂಡೇಶನ್ ಆಫ್ ಇಂಡಿಯಾದ ಸಂಶೋಧಕರು ಒಂದು ಲೆಕ್ಕ ಹಾಕಿದರು. ಅದು 2018ರಲ್ಲಿ ಪ್ರಕಟವಾಯಿತು. ಚಿಕಿತ್ಸೆಗೆ ಕೈಯಿಂದ ಹಣ ಸುರಿದು ಆ ಒಂದೇ ವರ್ಷದಲ್ಲಿ ಬಡತನದ ರೇಖೆಯ ಕೆಳಗೆ ಬಿದ್ದವರು ಸುಮಾರು 5.5 ಕೋಟಿ ಜನ. ಅವರಲ್ಲಿ 3.8 ಕೋಟಿ ಜನರನ್ನು ಕೆಳಗೆ ತಳ್ಳಲು ಔಷಧಿಯ ಖರ್ಚೊಂದೇ ಸಾಕಾಗಿತ್ತು.

ಈ ಎರಡನೆಯ ಸಂಖ್ಯೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳದೆ ನಾವು ಆರೋಗ್ಯ ವಿಮೆ, ಕಾರ್ಡು, ಯೋಜನೆಗಳ ಬಗ್ಗೆ ಎಷ್ಟು ಚರ್ಚಿಸಿದರೂ ಅರ್ಧ ರೋಗಕ್ಕೆ ಮಾತ್ರ ಮದ್ದು ಹುಡುಕಿದಂತಾಗುತ್ತದೆ. ಆಪರೇಷನ್ನಿನ ಬಿಲ್ಲು ಒಮ್ಮೆ ಬರುತ್ತದೆ. ಮಾತ್ರೆಯ ಬಿಲ್ಲು ಪ್ರತಿ ತಿಂಗಳೂ ಬರುತ್ತದೆ, ಹತ್ತು ವರ್ಷ ಬರುತ್ತದೆ, ಯಾವ ವಿಮಾ ಯೋಜನೆಯ ಕಣ್ಣಿಗೂ ಬೀಳದೆ ಬರುತ್ತದೆ.

ಮೊದಲು, ಇದನ್ನೆಲ್ಲ ಹೇಗೆ ಅಳೆಯುತ್ತಾರೆ ಎಂದು ನೋಡೋಣ. ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ 2025ರವರೆಗೆ ಬಳಸುತ್ತಿದ್ದ ಅಳತೆಯಂತೆ, ಮನೆಯ ಒಟ್ಟು ಖರ್ಚಿನಲ್ಲಿ ಅಥವಾ ಆದಾಯದಲ್ಲಿ ಶೇ 10ಕ್ಕಿಂತ ಹೆಚ್ಚು ಚಿಕಿತ್ಸೆಗೇ ಹೋದರೆ ಅದು 'ದುರಂತದ ಮಟ್ಟದ' ವೈದ್ಯಕೀಯ ವೆಚ್ಚ. ಶೇ 25 ದಾಟಿದರೆ ಇನ್ನೂ ತೀವ್ರ. ಇದಲ್ಲದೆ ಇನ್ನೊಂದು ಅಳತೆ ಇದೆ: ಚಿಕಿತ್ಸೆಗೆ ಕೊಟ್ಟ ಹಣವನ್ನು ಕಳೆದರೆ ಆ ಮನೆ ಬಡತನದ ರೇಖೆಯ ಮೇಲೆ ಉಳಿಯುತ್ತದೆಯೇ, ಕೆಳಗೆ ಜಾರುತ್ತದೆಯೇ?

ಎರಡೂ ಒಂದೇ ಅಲ್ಲ. ತಿಂಗಳಿಗೆ ಎರಡು ಲಕ್ಷ ಸಂಪಾದಿಸುವ ಮನೆ ಅರವತ್ತು ಸಾವಿರವನ್ನು ಆಸ್ಪತ್ರೆಗೆ ಕಟ್ಟಿದರೆ ಅದು ಮೊದಲ ಅಳತೆಯಲ್ಲಿ ದುರಂತ, ಆದರೆ ಆ ಮನೆ ಬಡವಾಗುವುದಿಲ್ಲ. ಈಗ ಇನ್ನೊಂದು ತುದಿಗೆ ಬನ್ನಿ. ಬಡತನವನ್ನು ಅಳೆಯುವ ಬಗೆಯನ್ನು ಸೂಚಿಸಿದ ತೆಂಡೂಲ್ಕರ್ ಸಮಿತಿಯ ಪದ್ಧತಿಯಂತೆ 2011-12ರಲ್ಲಿ ಕರ್ನಾಟಕದ ಬಡತನ ರೇಖೆ ಹಳ್ಳಿಯಲ್ಲಿ ತಲಾ ತಿಂಗಳಿಗೆ 902 ರೂಪಾಯಿ, ಪಟ್ಟಣದಲ್ಲಿ 1,089 ರೂಪಾಯಿ. ಆ ವರ್ಷ ತಲಾ 950 ರೂಪಾಯಿಯಲ್ಲಿ ಬದುಕುತ್ತಿದ್ದ ಹಳ್ಳಿಯ ಮನೆಯೊಂದು ಕಾಗದದ ಮೇಲೆ ಬಡ ಮನೆಯಲ್ಲ. ಆ ಮನೆ ತಲಾ ಅರವತ್ತು ರೂಪಾಯಿಯನ್ನು ಮಾತ್ರೆಗೆ ಕೊಟ್ಟರೆ ಉಳಿಯುವುದು 890. ಖರ್ಚು ಶೇ 10ನ್ನು ಮುಟ್ಟಿಲ್ಲ, 'ದುರಂತ' ಎಂಬ ಹಣೆಪಟ್ಟಿ ಸಿಗುವುದಿಲ್ಲ. ಮನೆ ಮಾತ್ರ ರೇಖೆಯ ಕೆಳಗೆ ಬಿದ್ದಿದೆ. ನಮ್ಮಲ್ಲಿ ಲಕ್ಷಾಂತರ ಮನೆಗಳು ಈ ರೇಖೆಯ ಅಂಚಿನಲ್ಲೇ ಜೀವನ ಮಾಡುತ್ತಿರುವುದರಿಂದ ಸಣ್ಣ ಖರ್ಚೂ ಇಷ್ಟು ದೊಡ್ಡ ಸಂಖ್ಯೆಯ ಜನರನ್ನು ಬೀಳಿಸುತ್ತದೆ.

ಬೆಂಗಳೂರಿನ ಕಾಡುಗೊಂಡನಹಳ್ಳಿಯಲ್ಲಿ 2009-10ರಲ್ಲಿ ನಡೆದ ಒಂದು ಸಮೀಕ್ಷೆ ಇದನ್ನು ಹತ್ತಿರದಿಂದ ತೋರಿಸಿತು. ಬೆಂಗಳೂರಿನದೇ ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ಹೆಲ್ತ್‌ನ ಸಂಶೋಧಕರು ಒಂಬತ್ತು ಸಾವಿರಕ್ಕೂ ಹೆಚ್ಚು ಮನೆಗಳ ಬಾಗಿಲಿಗೆ ಹೋಗಿ ಮಾಹಿತಿ ಕಲೆಹಾಕಿದ್ದರು. ಅವರು ಕೇಳಿದ್ದು ಆಸ್ಪತ್ರೆಗೆ ಸೇರಿದವರ ಬಗ್ಗೆ ಅಲ್ಲ, ಸಕ್ಕರೆ ಕಾಯಿಲೆ, ರಕ್ತದೊತ್ತಡದಂತಹ ದೀರ್ಘಕಾಲದ ಕಾಯಿಲೆಗೆ ಹೊರರೋಗಿಯಾಗಿ ಮಾಡುವ ಖರ್ಚಿನ ಬಗ್ಗೆ. ಇಂತಹ ಕಾಯಿಲೆ ಇರುವ ಮನೆಗಳಲ್ಲಿ ನೂರಕ್ಕೆ ಹದಿನಾರು ಮನೆಗಳು ಆದಾಯದ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚನ್ನು ಅದಕ್ಕೇ ಕಳೆದುಕೊಳ್ಳುತ್ತಿದ್ದವು. ಆ ಖರ್ಚನ್ನು ಕಳೆದು ನೋಡಿದಾಗ ಬಡತನದ ರೇಖೆಯ ಕೆಳಗಿನವರ ಸಂಖ್ಯೆ ಒಂದೇ ತಿಂಗಳ ಲೆಕ್ಕದಲ್ಲಿ ಎರಡು ಪಟ್ಟಾಗಿತ್ತು. ಹಾಸಿಗೆ ಇಲ್ಲ, ಆಪರೇಷನ್ ಇಲ್ಲ. ವೈದ್ಯರ ಫೀಸು, ರಕ್ತಪರೀಕ್ಷೆ, ಮಾತ್ರೆ, ಅಷ್ಟೇ.

ಈ ಅಳತೆಗಳಿಗೂ ಸಿಗದೆ ತಪ್ಪಿಸಿಕೊಳ್ಳುವ ಸಂಕಟ ಎರಡು ಬಗೆಯದು. ನನಗೆ ಹೆಚ್ಚು ಚಿಂತೆ ಹಚ್ಚುವುದು ಇದೇ.

ಹಣವಿಲ್ಲವೆಂದು ಆಸ್ಪತ್ರೆಗೇ ಹೋಗದವರು ಲೆಕ್ಕದಲ್ಲಿ ಸೊನ್ನೆ ರೂಪಾಯಿ ಖರ್ಚು ಮಾಡಿದವರು. ಎದೆಯಲ್ಲಿ ಗಂಟು ಕಾಣಿಸಿಕೊಂಡರೂ ಸುಗ್ಗಿ ಮುಗಿಯಲಿ, ಮಗಳ ಮದುವೆ ಮುಗಿಯಲಿ ಎಂದು ಮುಂದೂಡುವ ತಾಯಿ, ಮಂಡಿನೋವಿಗೆ ಎಣ್ಣೆ ಹಚ್ಚಿಕೊಂಡು ಕೂಲಿಗೆ ಹೋಗುವ ಅಜ್ಜ, ಇಂಥವರಿಂದ ಅಂಕಿಅಂಶ ಕೆಡುವುದಿಲ್ಲ, ಸುಧಾರಿಸುತ್ತದೆ. ಅತಿ ಬಡವರಲ್ಲಿ 'ದುರಂತ ವೆಚ್ಚ' ಕಡಿಮೆ ಎಂದು ಯಾವುದಾದರೂ ವರದಿ ಹೇಳಿದರೆ, ಅವರು ಸುರಕ್ಷಿತವಾಗಿದ್ದಾರೆ ಎಂದು ನಂಬುವ ಮೊದಲು ಅವರು ಚಿಕಿತ್ಸೆ ಪಡೆದಿದ್ದಾರೆಯೇ ಎಂದು ಕೇಳಬೇಕು.

ಇನ್ನೊಂದು ಇನ್ನೂ ವಿಚಿತ್ರ. ನಮ್ಮಲ್ಲಿ ಬಡತನವನ್ನು ಅಳೆಯುವುದು ಮನೆಯವರು ತಿಂಗಳಿಗೆ ಎಷ್ಟು ಖರ್ಚು ಮಾಡುತ್ತಾರೆ ಎಂಬುದರ ಮೇಲೆ. ಅಕ್ಕಿ, ಬೇಳೆ, ಬಟ್ಟೆಯ ಜೊತೆಗೆ ಔಷಧಿ ಮತ್ತು ಆಸ್ಪತ್ರೆಯ ಖರ್ಚೂ ಆ ಮೊತ್ತಕ್ಕೆ ಸೇರುತ್ತದೆ. ಹಾಗಾಗಿ ಬಡ್ಡಿಗೆ ಸಾಲ ತಂದು ಒಂದು ಲಕ್ಷ ರೂಪಾಯಿ ಆಸ್ಪತ್ರೆಗೆ ಕಟ್ಟಿದ ಮನೆ ಆ ವರ್ಷದ ಲೆಕ್ಕದಲ್ಲಿ ಒಂದು ಲಕ್ಷ ಹೆಚ್ಚು ಖರ್ಚು ಮಾಡಿದ ಮನೆ, ಅಂದರೆ ಸ್ವಲ್ಪ ಅನುಕೂಲಸ್ಥ ಮನೆ. ಸಂಶೋಧಕರು ಚಿಕಿತ್ಸೆಯ ಖರ್ಚನ್ನು ಬೇರೆಯಾಗಿ ಕಳೆದು ಲೆಕ್ಕ ಹಾಕುವವರೆಗೆ ಆ ಮನೆಯ ಬಡತನ ಯಾರಿಗೂ ಕಾಣುವುದಿಲ್ಲ.

ಇನ್ನು ಬೀಳುವ ಬಗೆ. ಲೆಕ್ಕ ಅರ್ಥವಾಗಲಿ ಎಂದು ಹಾವೇರಿ ಜಿಲ್ಲೆಯ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಎರಡು ಎಕರೆಯಲ್ಲಿ ಗೋವಿನಜೋಳ, ಕೊಟ್ಟಿಗೆಯಲ್ಲಿ ಒಂದು ಎಮ್ಮೆ, ಗಂಡ ಹೆಂಡತಿ ಇಬ್ಬರ ಕೂಲಿ, ಓದುವ ಇಬ್ಬರು ಮಕ್ಕಳು. ಎಲ್ಲ ಸೇರಿ ತಿಂಗಳಿಗೆ ಹದಿನೈದು ಸಾವಿರ ರೂಪಾಯಿ ಎಂದಿಟ್ಟುಕೊಳ್ಳಿ. ಗಂಡನಿಗೆ ನಲವತ್ತನೇ ವಯಸ್ಸಿಗೆ ಸಕ್ಕರೆ ಕಾಯಿಲೆ, ಜೊತೆಗೆ ಬಿಪಿ. ಖಾಸಗಿ ವೈದ್ಯರು ಬರೆದುಕೊಟ್ಟ ಬ್ರ್ಯಾಂಡಿನ ಮಾತ್ರೆಗೆ ತಿಂಗಳಿಗೆ ಒಂಬೈನೂರು, ಫೀಸು ಮತ್ತು ಬಸ್ಸಿಗೆ ಮುನ್ನೂರು, ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆಗೆ ಒಂಬೈನೂರು. ತಿಂಗಳಿಗೆ ಸರಾಸರಿ ಒಂದೂವರೆ ಸಾವಿರ, ಅಂದರೆ ಆದಾಯದ ಹತ್ತನೇ ಒಂದು ಭಾಗ. ಇನ್ನೂ ಯಾರೂ ಆಸ್ಪತ್ರೆಗೆ ಸೇರಿಲ್ಲ.

ಮೊದಲು ಅವನು ಮಾಡುವುದು ಮಾತ್ರೆ ಉಳಿಸುವುದು. ಎರಡು ಹೊತ್ತಿನದನ್ನು ಒಂದು ಹೊತ್ತು ಮಾಡುತ್ತಾನೆ. ತಲೆ ಸುತ್ತದಿದ್ದರೆ ಬಿಪಿ ಮಾತ್ರೆ ಬಿಡುತ್ತಾನೆ. ರಕ್ತಪರೀಕ್ಷೆ ವರ್ಷಕ್ಕೊಮ್ಮೆ ಆಗುತ್ತದೆ, ಆಮೇಲೆ ಅದೂ ನಿಲ್ಲುತ್ತದೆ. ಇದನ್ನು ಅಜ್ಞಾನ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಮಗಳ ಶಾಲೆಯ ಶುಲ್ಕ ಮತ್ತು ನೋವೇ ಕೊಡದ ಕಾಯಿಲೆಯ ಮಾತ್ರೆ ಎದುರುಬದುರು ನಿಂತಾಗ ಒಬ್ಬ ತಂದೆ ಯಾವುದನ್ನು ಆರಿಸುತ್ತಾನೆ ಎಂಬುದು ಯಾರಿಗೂ ಅರ್ಥವಾಗುವ ವಿಷಯ. ಬಿಪಿ ಮತ್ತು ಸಕ್ಕರೆ ಎರಡೂ ಹತೋಟಿ ತಪ್ಪಿದರೆ ಸದ್ದಿಲ್ಲದೆ ಕೆಡುವುದು ಮೂತ್ರಪಿಂಡ. ಕಾಲು ಊದಿಕೊಂಡು ಉಸಿರು ಕಟ್ಟುವಾಗ ಜಿಲ್ಲಾ ಕೇಂದ್ರಕ್ಕೆ ಒಯ್ಯುತ್ತಾರೆ. ಡಯಾಲಿಸಿಸ್ ಬೇಕು ಎನ್ನುತ್ತಾರೆ.

ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ 2016ರಲ್ಲಿ ಬಂದ ಮೇಲೆ ಬಿಪಿಎಲ್ ಕುಟುಂಬದವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಉಚಿತ. ನಮ್ಮ ರಾಜ್ಯದಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಯಂತ್ರಗಳಿವೆ. ಇದರಿಂದ ಉಳಿದ ಜೀವಗಳು ಸಣ್ಣ ಸಂಖ್ಯೆಯಲ್ಲ. ಆದರೂ ಆ ಮನೆಯ ಲೆಕ್ಕ ನೋಡಿ. ವಾರಕ್ಕೆ ಎರಡು ಅಥವಾ ಮೂರು ಸಲ, ಪ್ರತಿ ಸಲ ನಾಲ್ಕು ಗಂಟೆ ಯಂತ್ರದ ಪಕ್ಕ. ಬೆಳಿಗ್ಗೆ ಹೊರಟರೆ ಮನೆ ಸೇರುವುದು ಸಂಜೆ. ಅವನ ಕೂಲಿ ಪೂರ್ತಿ ನಿಂತಿದೆ. ಜೊತೆಗೆ ಹೋಗುವ ಹೆಂಡತಿಯ ಕೂಲಿ ವಾರದಲ್ಲಿ ಮೂರು ದಿನ ಹೋಗಿದೆ. ಬಸ್ಸಿನ ಖರ್ಚು, ಹೊರಗಿನ ಊಟ, ರಕ್ತ ಹೆಚ್ಚಿಸುವ ಇಂಜೆಕ್ಷನ್ ಆಸ್ಪತ್ರೆಯಲ್ಲಿ ಇಲ್ಲದ ದಿನ ಹೊರಗಿನ ಅಂಗಡಿಯಿಂದ ತರುವ ಹಣ. ಚಿಕಿತ್ಸೆ ಉಚಿತ, ಮನೆಯ ಆದಾಯ ಮಾತ್ರ ಮೂರನೇ ಒಂದು ಭಾಗಕ್ಕೆ ಇಳಿದಿದೆ. ಖರ್ಚು ಏರುವುದು ಮತ್ತು ದುಡಿಮೆ ನಿಲ್ಲುವುದು ಒಂದೇ ದಿನ ಆಗುವುದು ಕಾಯಿಲೆಯಲ್ಲಿ ಮಾತ್ರ. ಬೆಳೆ ಹೋದರೂ ದುಡಿಯುವ ಕೈ ಇರುತ್ತದೆ. ಇಲ್ಲಿ ಆ ಕೈಯೇ ಇಲ್ಲ.

ಹಣ ಹೊಂದಿಸುವ ಕ್ರಮವೂ ಹೆಚ್ಚುಕಡಿಮೆ ಎಲ್ಲ ಊರಲ್ಲೂ ಒಂದೇ. ಮೊದಲು ಮನೆಯಲ್ಲಿದ್ದ ಉಳಿತಾಯ, ಆಮೇಲೆ ಒಡವೆ ಗಿರವಿ, ಆಮೇಲೆ ಸಂಘದ ಸಾಲ, ಅದೂ ಮುಗಿದರೆ ಕೈಸಾಲ. ಕೈಸಾಲಕ್ಕೆ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ ಹಳ್ಳಿಗಳಲ್ಲಿ ಯಾರಿಗೂ ಆಶ್ಚರ್ಯದ ದರವಲ್ಲ. ಒಂದು ಲಕ್ಷಕ್ಕೆ ತಿಂಗಳಿಗೆ ಮೂರು ಸಾವಿರ, ವರ್ಷಕ್ಕೆ ಮೂವತ್ತಾರು ಸಾವಿರ. ಮೂರು ವರ್ಷ ಬಡ್ಡಿಯನ್ನಷ್ಟೇ ಕಟ್ಟಿದರೆ ಒಂದು ಲಕ್ಷದ ಎಂಟು ಸಾವಿರ ಹೋಗಿರುತ್ತದೆ, ಅಸಲು ಹಾಗೇ ನಿಂತಿರುತ್ತದೆ. ಅದನ್ನು ತೀರಿಸಲು ಎಮ್ಮೆ ಮಾರುತ್ತಾರೆ. ದಿನಕ್ಕೆ ನಾಲ್ಕು ಲೀಟರ್ ಡೇರಿಗೆ ಹಾಕುತ್ತಿದ್ದ ಎಮ್ಮೆ, ಲೀಟರಿಗೆ ನಲವತ್ತು ರೂಪಾಯಿ ಎಂದುಕೊಂಡರೂ ಹಾಲಿರುವ ತಿಂಗಳುಗಳಲ್ಲಿ 4,800 ರೂಪಾಯಿ ತರುತ್ತಿತ್ತು. ಎಮ್ಮೆಯನ್ನು ಮಾರಿದಾಗ ಸಾಲ ಸ್ವಲ್ಪ ಇಳಿಯುತ್ತದೆ, ಸಾಲ ತೀರಿಸುವ ಶಕ್ತಿ ಅದಕ್ಕಿಂತ ಹೆಚ್ಚು ಇಳಿಯುತ್ತದೆ. ಹೊಲ ಮಾರಿದಾಗಲೂ ಹೀಗೆಯೇ, ದೊಡ್ಡ ಮಗನನ್ನು ಕಾಲೇಜು ಬಿಡಿಸಿ ಬೆಂಗಳೂರಿಗೆ ಕೆಲಸಕ್ಕೆ ಕಳಿಸಿದಾಗಲೂ ಹೀಗೆಯೇ. ಕಾಯಿಲೆ ವಾಸಿಯಾದ ಮೇಲೂ ಬಡತನ ಉಳಿಯುವುದು ಇದರಿಂದಲೇ: ಮಾರಿದ್ದು ದುಡಿಮೆಯ ಮೂಲವನ್ನೇ.

ಇದು ಕೇವಲ ಊಹೆಯ ಮನೆಯ ಲೆಕ್ಕವಲ್ಲ. 2014ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ಹಳ್ಳಿಗಳಲ್ಲಿ ಆಸ್ಪತ್ರೆಗೆ ಸೇರಿದ ಪ್ರಕರಣಗಳಲ್ಲಿ ಸುಮಾರು ನಾಲ್ಕನೇ ಒಂದು ಭಾಗಕ್ಕೆ ಸಾಲವೇ ಹಣದ ಮುಖ್ಯ ಮೂಲವಾಗಿತ್ತು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಅನಿರುದ್ಧ ಕೃಷ್ಣ ಇನ್ನೊಂದು ದಾರಿಯಿಂದ ಇಲ್ಲಿಗೇ ಬಂದರು. ಅವರು ರಾಜಸ್ಥಾನ, ಗುಜರಾತ್, ಆಂಧ್ರಪ್ರದೇಶದ ಹಳ್ಳಿಗಳಲ್ಲಿ, ಕೀನ್ಯಾ, ಉಗಾಂಡ, ಪೆರುವಿನಲ್ಲಿ ಊರಿನವರನ್ನೇ ಕೂರಿಸಿಕೊಂಡು, ಯಾವ ಮನೆ ಬಡತನದಿಂದ ಮೇಲೆ ಬಂತು, ಯಾವುದು ಕೆಳಗೆ ಬಿತ್ತು, ಯಾಕೆ ಎಂದು ಮನೆ ಮನೆಯ ಇತಿಹಾಸ ಬರೆಸಿದರು. ಒಂದೇ ಊರಿನಲ್ಲಿ ಕೆಲವು ಮನೆ ಏರುತ್ತಿದ್ದಾಗಲೇ ಬೇರೆ ಮನೆ ಬೀಳುತ್ತಿದ್ದವು. ಬಿದ್ದ ಕಾರಣಗಳಲ್ಲಿ ಮದುವೆ, ತಿಥಿಯ ಖರ್ಚು, ಹೆಚ್ಚು ಬಡ್ಡಿಯ ಸಾಲ ಇದ್ದವು. ಆದರೆ ಎಲ್ಲಕ್ಕಿಂತ ಮುಂದೆ ಇದ್ದದ್ದು ಕಾಯಿಲೆ ಮತ್ತು ಅದರ ಚಿಕಿತ್ಸೆ. ಬಡತನದಿಂದ ಮೇಲೆತ್ತುವ ಯೋಜನೆ ಎಷ್ಟೇ ಇರಲಿ, ಬೀಳುವ ದಾರಿ ಮುಚ್ಚದಿದ್ದರೆ ಬಡವರ ಸಂಖ್ಯೆ ನಿರೀಕ್ಷಿಸಿದಷ್ಟು ಇಳಿಯುವುದಿಲ್ಲ ಎಂಬುದು ಈ ಕೆಲಸದಿಂದ ಸ್ಪಷ್ಟವಾಗುತ್ತದೆ.

ಹಾಗಾದರೆ ಯೋಜನೆಗಳು ಏನು ಮಾಡುತ್ತಿವೆ? ಕರ್ನಾಟಕ ಈ ವಿಷಯದಲ್ಲಿ ಹಿಂದೆ ಬಿದ್ದ ರಾಜ್ಯವಲ್ಲ. ಸಹಕಾರ ಸಂಘಗಳ ರೈತರಿಗಾಗಿ ಯಶಸ್ವಿನಿ 2003ರಲ್ಲೇ ಶುರುವಾಯಿತು, ಆಗ ಸದಸ್ಯನ ಪಾಲು ತಿಂಗಳಿಗೆ ಐದು ರೂಪಾಯಿ. ಬಿಪಿಎಲ್ ಕುಟುಂಬಗಳ ದೊಡ್ಡ ಕಾಯಿಲೆಗಳಿಗಾಗಿ ವಾಜಪೇಯಿ ಆರೋಗ್ಯಶ್ರೀ 2010ರಲ್ಲಿ ಉತ್ತರ ಕರ್ನಾಟಕದಿಂದ ಆರಂಭವಾಯಿತು. ಆ ಯೋಜನೆ ತಲುಪಿದ್ದ ಹಳ್ಳಿಗಳನ್ನು ತಲುಪದ ಹಳ್ಳಿಗಳ ಜೊತೆ ಹೋಲಿಸಿ 2014ರಲ್ಲಿ ಪ್ರಕಟವಾದ ಅಧ್ಯಯನವು, ಯೋಜನೆಯಡಿ ಬರುವ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಿ ಆಗುವ ಸಾವು ಗಣನೀಯವಾಗಿ ಕಡಿಮೆಯಾಗಿದ್ದನ್ನು ಕಂಡಿತು. 2018ರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಯೋಜನೆ ಗೊತ್ತುಮಾಡಿದ ದರದ, ಶೇ 30ರಷ್ಟನ್ನು, ವರ್ಷಕ್ಕೆ ಒಂದೂವರೆ ಲಕ್ಷ ಮೀರದಂತೆ, ಸರ್ಕಾರ ಭರಿಸುತ್ತದೆ.

ಇವುಗಳ ಬೆಲೆ ಆಸ್ಪತ್ರೆಯ ಸರಾಸರಿ ಬಿಲ್ಲು ನೋಡಿದರೆ ತಿಳಿಯುತ್ತದೆ. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ಹಳ್ಳಿಯವರು ಒಮ್ಮೆ ಆಸ್ಪತ್ರೆಗೆ ಸೇರಿದರೆ, ಹೆರಿಗೆ ಬಿಟ್ಟು, ಸರ್ಕಾರಿ ಆಸ್ಪತ್ರೆಯಲ್ಲಿ ಸರಾಸರಿ 4,290 ರೂಪಾಯಿ, ಖಾಸಗಿಯಲ್ಲಿ 27,347 ರೂಪಾಯಿ ಖರ್ಚಾಗುತ್ತಿತ್ತು. ಬಸ್ಸು, ಊಟ, ಹೋದ ಕೂಲಿ ಇದರಲ್ಲಿ ಸೇರಿಲ್ಲ. ಆರು ಪಟ್ಟಿಗೂ ಹೆಚ್ಚಿನ ಈ ಅಂತರದಲ್ಲಿ ಎಷ್ಟೋ ಮನೆಗಳ ಹಣೆಬರಹ ತೀರ್ಮಾನವಾಗುತ್ತದೆ.

ಆದರೆ ಈ ಎಲ್ಲ ಯೋಜನೆಗಳೂ ರೋಗಿ ಹಾಸಿಗೆಯ ಮೇಲೆ ಮಲಗಿದ ಮೇಲೆ ಎಚ್ಚರಗೊಳ್ಳುತ್ತವೆ. ನಾವು ಊಹಿಸಿಕೊಂಡ ಮನೆಯ ತಿಂಗಳ ಒಂದೂವರೆ ಸಾವಿರ ಅವುಗಳ ಲೆಕ್ಕದಲ್ಲೇ ಇಲ್ಲ. ಮಾತ್ರೆಗೆ ಹಣವಿಲ್ಲದೆ ಮೂತ್ರಪಿಂಡ ಕೆಟ್ಟ ಮೇಲೆ ಸರ್ಕಾರ ಲಕ್ಷಾಂತರ ರೂಪಾಯಿಯ ಡಯಾಲಿಸಿಸ್ ಕೊಡುತ್ತದೆ, ಆ ಮೂತ್ರಪಿಂಡ ಉಳಿಸಬಹುದಾಗಿದ್ದ ಮಾತ್ರೆಗೆ ಅವನೇ ಕೈಯಿಂದ ಕೊಡಬೇಕಾಗಿತ್ತು. ಇದು ಬಡವನಿಗೂ ನಷ್ಟ, ಬೊಕ್ಕಸಕ್ಕೂ ನಷ್ಟ.

ಇನ್ನೊಂದು ಅಂಕಿಯ ಬಗ್ಗೆ ಎಚ್ಚರವಿರಲಿ. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ಕೈಯಿಂದ ಭರಿಸುವ ಪಾಲು 2013-14ರಲ್ಲಿ ಶೇ 64.2 ಇದ್ದದ್ದು 2021-22ಕ್ಕೆ ಶೇ 39.4ಕ್ಕೆ ಇಳಿದಿದೆ ಎಂದು ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರ ಹೇಳುತ್ತದೆ. ಸಂತೋಷದ ವಿಷಯ. ಆದರೆ ಅದು ಪಾಲು, ರೂಪಾಯಿ ಅಲ್ಲ. ಕೋವಿಡ್ ಕಾಲದಲ್ಲಿ ಆದಂತೆ ಸರ್ಕಾರದ ಖರ್ಚು ಏರಿದರೆ, ಮನೆಯವರು ಔಷಧಿ ಅಂಗಡಿಗೆ ಕೊಡುವ ನೋಟು ಒಂದೂ ಕಡಿಮೆಯಾಗದೆ ಅವರ ಪಾಲು ಇಳಿಯಬಹುದು.

ಮಾತ್ರೆಗಳ ಬೆಲೆಯನ್ನು ಸರ್ಕಾರ ಬಿಟ್ಟೇಬಿಟ್ಟಿದೆ ಎಂದೇನಲ್ಲ. 2013ರ ಔಷಧ ಬೆಲೆ ನಿಯಂತ್ರಣ ಆದೇಶದಂತೆ ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವುದಕ್ಕೆ ಗರಿಷ್ಠ ಬೆಲೆ ಇದೆ. ಪಟ್ಟಿಯ ಹೊರಗಿನ ಔಷಧಿಯ ಬೆಲೆಯನ್ನು ಕಂಪನಿ ವರ್ಷಕ್ಕೆ ಶೇ 10ರವರೆಗೆ ಏರಿಸಬಹುದು. ಪಟ್ಟಿಯ ಮಾತ್ರೆಯನ್ನು ಪಟ್ಟಿಯಲ್ಲಿಲ್ಲದ ಇನ್ನೊಂದರ ಜೊತೆ ಬೆರೆಸಿ ಒಂದೇ ಮಾತ್ರೆ ಮಾಡಿದರೆ ಅದು ಸಾಮಾನ್ಯವಾಗಿ ಆ ಗರಿಷ್ಠ ಬೆಲೆಯ ಹಿಡಿತದಿಂದ ಜಾರುತ್ತದೆ. ಬೆಲೆಗೆ ಮಿತಿ ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಹೃದಯದ ರಕ್ತನಾಳ ಮುಚ್ಚದಂತೆ ಒಳಗಿಡುವ ಸಣ್ಣ ಕೊಳವೆ, ಸ್ಟೆಂಟ್, ಸಾಕ್ಷಿ: 2017ರ ಫೆಬ್ರುವರಿಯಲ್ಲಿ ಔಷಧಲೇಪಿತ ಸ್ಟೆಂಟಿಗೆ 29,600 ರೂಪಾಯಿ ಎಂದು ಮಿತಿ ಹಾಕುವ ಮೊದಲು ರೋಗಿಗಳು ಅದಕ್ಕೆ ಲಕ್ಷಕ್ಕೂ ಹೆಚ್ಚು ಕೊಡುತ್ತಿದ್ದರು.

ಬೆಲೆಗಿಂತ ಗಟ್ಟಿಯಾದ ಉಪಾಯ ಮಾತ್ರೆಯನ್ನು ಉಚಿತವಾಗಿಯೇ ಕೊಡುವುದು. ತಮಿಳುನಾಡು 1990ರ ದಶಕದ ಮಧ್ಯದಲ್ಲೇ ಔಷಧಿ ಖರೀದಿಗೆಂದು ಒಂದು ನಿಗಮ ಕಟ್ಟಿ, ಬ್ರ್ಯಾಂಡ್ ಬಿಟ್ಟು ಔಷಧಿಯ ಮೂಲ ಹೆಸರಿನಲ್ಲಿ, ಅಂದರೆ ಜೆನೆರಿಕ್ ಹೆಸರಿನಲ್ಲಿ, ಸಗಟಾಗಿ ಕೊಂಡು, ಜಿಲ್ಲೆಗೊಂದು ಗೋದಾಮು ಮಾಡಿ, ಯಾವ ಆಸ್ಪತ್ರೆಯಲ್ಲಿ ಎಷ್ಟು ಉಳಿದಿದೆ ಎಂದು ನೋಡಿಕೊಳ್ಳುವ ವ್ಯವಸ್ಥೆ ತಂದಿತು. ರಾಜಸ್ಥಾನ 2011ರ ಅಕ್ಟೋಬರ್ 2ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಔಷಧಿ ಯೋಜನೆ ಆರಂಭಿಸಿದಾಗ ಅನುಸರಿಸಿದ್ದು ಇದೇ ದಾರಿ. ದೇಶದ ಹೊರಗೆ ನೋಡಿದರೆ ಥಾಯ್ಲೆಂಡ್ 2001-02ರಲ್ಲಿ ತಂದ ಮೂವತ್ತು ಬಾತ್ ಯೋಜನೆಯಲ್ಲಿ ಹಾಸಿಗೆಯಷ್ಟೇ ಅಲ್ಲ, ಹೊರರೋಗಿಯ ಚಿಕಿತ್ಸೆ ಮತ್ತು ಮಾತ್ರೆಯೂ ಸೇರಿತ್ತು. ಆಮೇಲೆ ಅಲ್ಲಿ ಚಿಕಿತ್ಸೆಯಿಂದ ಬಡವಾಗುವ ಮನೆಗಳು ಕಡಿಮೆಯಾದವು.

ನಮ್ಮಲ್ಲಿ 2025ರ ಮೇ ತಿಂಗಳಲ್ಲಿ ಸರ್ಕಾರಿ ಆಸ್ಪತ್ರೆಗಳ ಆವರಣದಲ್ಲಿರುವ, ಕಡಿಮೆ ಬೆಲೆಗೆ ಜೆನೆರಿಕ್ ಔಷಧಿ ಮಾರುವ ಜನೌಷಧಿ ಕೇಂದ್ರಗಳನ್ನು ಮುಚ್ಚಬೇಕೆಂಬ ರಾಜ್ಯ ಸರ್ಕಾರದ ಆದೇಶ ದೊಡ್ಡ ವಿವಾದವಾಗಿ ಹೈಕೋರ್ಟ್ ಮೆಟ್ಟಿಲೇರಿತು. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತವಾಗಿ ಸಿಗಬೇಕು, ಅಲ್ಲಿ ಮಾರಾಟ ಯಾಕೆ ಎಂಬುದು ಸರ್ಕಾರದ ವಾದ. ಉಚಿತ ಔಷಧಿ ಮುಗಿದ ದಿನ ಕಡಿಮೆ ಬೆಲೆಯದಾದರೂ ಸಿಗಲಿ ಎಂಬುದು ಎದುರು ವಾದ. ತತ್ವದಲ್ಲಿ ಸರ್ಕಾರದ ಮಾತು ಸರಿ ಎಂದೇ ನನಗೂ ಅನಿಸುತ್ತದೆ, ಆದರೆ ಕಿಟಕಿಯಲ್ಲಿ ಮಾತ್ರೆ ಇಲ್ಲದ ದಿನ ಆ ತತ್ವ ರೋಗಿಯನ್ನು ದುಬಾರಿ ಅಂಗಡಿಗೆ ಕಳಿಸುತ್ತದೆ. ಮೊದಲು ದಾಸ್ತಾನು ಖಾತ್ರಿಯಾಗಬೇಕು, ಆಮೇಲೆ ಬಾಗಿಲು ಮುಚ್ಚುವ ಮಾತು. ಇದಕ್ಕೆಲ್ಲ ಹಣ ಬೇಕು ಎನ್ನುವುದು ನಿಜ. 2017ರ ರಾಷ್ಟ್ರೀಯ ಆರೋಗ್ಯ ನೀತಿ 2025ರ ಹೊತ್ತಿಗೆ ಸರ್ಕಾರಗಳ ಆರೋಗ್ಯ ವೆಚ್ಚವನ್ನು ಜಿಡಿಪಿಯ ಶೇ 2.5ಕ್ಕೆ ಏರಿಸುವ ಗುರಿ ಇಟ್ಟಿತ್ತು. 2021-22ರಲ್ಲಿ ಅದು ಶೇ 1.84ರಷ್ಟಿತ್ತು.

ಇದೆಲ್ಲ ಆಗುವವರೆಗೆ ಮನೆಯವರ ಕೈಯಲ್ಲಿರುವುದು ಕೆಲವೇ ವಿಷಯ, ಆದರೆ ತಿಳಿದಿದ್ದರೆ ಸಾವಿರಗಳು ಉಳಿಯುತ್ತವೆ. ಮನೆಯಲ್ಲಿ ಯಾರಿಗಾದರೂ ಸಕ್ಕರೆ ಅಥವಾ ಬಿಪಿ ಇದ್ದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಇಂತಹ ದೀರ್ಘಕಾಲದ ಕಾಯಿಲೆಗಳನ್ನು ನೋಡುವ ಎನ್‌ಸಿಡಿ ಕ್ಲಿನಿಕ್‌ನಲ್ಲಿ ಹೆಸರು ಬರೆಸಿ. ಪರೀಕ್ಷೆ ಮತ್ತು ಸಾಮಾನ್ಯ ಮಾತ್ರೆಗಳು ಅಲ್ಲಿ ಉಚಿತ. ಹೊರಗೆ ಕೊಳ್ಳಲೇಬೇಕಾದರೆ ಮಾತ್ರೆಯ ಜೆನೆರಿಕ್ ಹೆಸರು ಬರೆದುಕೊಡಿ ಎಂದು ವೈದ್ಯರನ್ನು ಕೇಳಿ, ಅದರಲ್ಲಿ ಸಂಕೋಚ ಬೇಡ. ದೊಡ್ಡ ಚಿಕಿತ್ಸೆ ಬೇಕೆಂದಾಗ ನೇರವಾಗಿ ಖಾಸಗಿ ಆಸ್ಪತ್ರೆಗೆ ಅಡ್ವಾನ್ಸ್ ಕಟ್ಟಬೇಡಿ. ಮೊದಲು ರೇಷನ್ ಕಾರ್ಡ್ ಮತ್ತು ಆಧಾರ್ ಹಿಡಿದು ಸರ್ಕಾರಿ ಆಸ್ಪತ್ರೆಗೆ ಹೋಗಿ. ಆ ಚಿಕಿತ್ಸೆ ಅಲ್ಲಿಲ್ಲದಿದ್ದರೆ ಅವರೇ ರೆಫರಲ್ ಪತ್ರ ಕೊಡುತ್ತಾರೆ, ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಯಲ್ಲಿ ಅದು ನಡೆಯುತ್ತದೆ. ಜೀವಕ್ಕೆ ಅಪಾಯವಿರುವ ತುರ್ತು ಚಿಕಿತ್ಸೆಗಳಿಗೆ ಆ ಪತ್ರ ಬೇಕಿಲ್ಲ, ಯೋಜನೆಯ ಪಟ್ಟಿಯಲ್ಲಿರುವ ಆಸ್ಪತ್ರೆಗೆ ನೇರವಾಗಿ ಹೋಗಬಹುದು. ಆಸ್ಪತ್ರೆ ಪಟ್ಟಿಯಲ್ಲಿದೆಯೇ ಎಂಬುದನ್ನು 14555 ಸಹಾಯವಾಣಿಯಲ್ಲಿ ಕೇಳಬಹುದು.

ಡಿಸ್ಚಾರ್ಜ್ ಆಗುವ ದಿನ ಇನ್ನೊಂದು ಮಾತು ನೆನಪಿರಲಿ. ಆಯುಷ್ಮಾನ್ ಭಾರತ್ ಪ್ಯಾಕೇಜಿನಲ್ಲಿ ಮನೆಗೆ ಹೋದ ಮೇಲಿನ ಹದಿನೈದು ದಿನಗಳ ಔಷಧಿ ಮತ್ತು ತಪಾಸಣೆಯೂ ಸೇರಿದೆ, ಅದನ್ನು ಕೇಳಿ ಪಡೆಯಿರಿ. ಹದಿನಾರನೇ ದಿನದಿಂದ ಬೇಕಾಗುವ ಮಾತ್ರೆಗಳಿಗೆ ಡಿಸ್ಚಾರ್ಜ್ ಪತ್ರ ಹಿಡಿದು ತಾಲ್ಲೂಕು ಆಸ್ಪತ್ರೆಗೆ ಹೋಗಿ. ಅಲ್ಲಿ ಮಾತ್ರೆ ಇಲ್ಲ ಎಂದರೆ, ದಾಸ್ತಾನಿಲ್ಲ ಎಂದು ಚೀಟಿಯ ಮೇಲೆ ಬರೆಸಿಕೊಂಡು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೆ ಒಂದು ಅರ್ಜಿ ಕೊಡಿ. ಕೊರತೆಯಾದ ಔಷಧಿಯನ್ನು ಸ್ಥಳೀಯವಾಗಿ ಕೊಳ್ಳಲು ಆ ಸಮಿತಿಯ ಹಣವನ್ನು ಬಳಸಲು ಅವಕಾಶವಿದೆ.